ಲೋಮಾಂಗ ಬೆಳೆಯುವುದು ಎಲ್ಲಿಂದ?

ಪ್ರಶ್ನೆ: ಸರ್, ನಮ್ಮ ಹೊಲದ ಬಾವಿಯ ನೀರಿನಲ್ಲಿ ಒಣಹುಲ್ಲು ನೆನೆಸಿಟ್ಟು, ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯನ್ನು ನೋಡಿದೆವು. ಅದರ ಮೈತುಂಬ ಇರುವ ಲೋಮಾಂಗಗಳು (ಸಿಲಿಯಾ ಎಂಬ ಸಣ್ಣ ಎಳೆಗಳು) ನಮ್ಮ ತಲೆಗೂದಲಿನಂತೆ ಬುಡದಿಂದ ಬೆಳೆಯುತ್ತವೆಯೇ? ಅವುಗಳನ್ನು ಕಟ್ಟುವ ಪ್ರೋಟೀನ್ ಕೆಟ್ಟರೆ ಏನಾಗುತ್ತದೆ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ಬುಡದಿಂದಲ್ಲ ತಂಗಿ, ತುದಿಯಿಂದ. ವಿಜಯಪುರದಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತಿದ್ದಾಗ, ಲೋಮಾಂಗವನ್ನು ಅಡ್ಡ ಕೊಯ್ದರೆ ಕಾಣುವ, ಸುತ್ತಲೂ ಒಂಬತ್ತು ಜೋಡಿ ಸೂಕ್ಷ್ಮನಾಳಿಕೆ, ನಡುವೆ ಎರಡು ಎಂಬ ಚಿತ್ರವನ್ನು ಮಕ್ಕಳು ಅಚ್ಚುಕಟ್ಟಾಗಿ ಬಿಡಿಸುತ್ತಿದ್ದರು. ಅದು ಎದ್ದು ನಿಂತದ್ದು ಹೇಗೆಂದು ಕೇಳುವವರು ಅಪರೂಪ. ನೀನು ಕೇಳಿದ್ದೀಯ, ಬಹಳ ಸಂತೋಷ.

ಆ ಸೂಕ್ಷ್ಮನಾಳಿಕೆಗಳು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನವು. ಆಲ್ಫಾ, ಬೀಟಾ ಎಂಬ ಎರಡು ಬಗೆಯ ಅಣುಗಳು ಜೊತೆಗೂಡಿ, ಸುಮಾರು 8 ನ್ಯಾನೊಮೀಟರ್ ಉದ್ದದ ಜೋಡಿಗಳಾಗಿ ಸಾಲುಗಟ್ಟುತ್ತವೆ. ಆದರೆ ಲೋಮಾಂಗದೊಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳಿಲ್ಲ. ಎಲ್ಲ ಸಾಮಗ್ರಿಯೂ ಕೋಶದ ಒಡಲಲ್ಲಿ ತಯಾರಾಗಿ ತುದಿಗೆ ಹೋಗಬೇಕು. ಮಿನಾರು ಎತ್ತರವಾದಷ್ಟೂ ಇಟ್ಟಿಗೆಯನ್ನು ಇನ್ನೂ ಮೇಲಕ್ಕೆ ಹೊರಬೇಕಾಗುವ ಹಾಗೆ. ಒಂದಿಷ್ಟು ಟ್ಯೂಬ್ಯುಲಿನ್ ತಾನಾಗಿಯೇ ಹರಡಿಕೊಂಡು ತುದಿ ಸೇರುತ್ತದೆ. ಉಳಿದದ್ದನ್ನು ಐಎಫ್‌ಟಿ (ಇಂಟ್ರಾಫ್ಲಜೆಲ್ಲರ್ ಟ್ರಾನ್ಸ್‌ಪೋರ್ಟ್, ಅಂದರೆ ಕಶಾಂಗದೊಳಗಿನ ಸಾಗಣೆ) ಎಂಬ ಪ್ರೋಟೀನ್‌ಗಳ ಸಾಲು ಹೊರುತ್ತದೆ. ಆ ಸಾಲನ್ನು ತುದಿಗೆ ಎಳೆಯುವುದು ಕೈನೆಸಿನ್-2, ಬುಡಕ್ಕೆ ಮರಳಿ ತರುವುದು ಡೈನೀನ್; ಎರಡೂ ಮೋಟಾರಿನಂತೆ ಕೆಲಸ ಮಾಡುವ ಪ್ರೋಟೀನ್‌ಗಳು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕೋಝ್‌ಮಿನ್ಸ್ಕಿ, ರೋಸೆನ್‌ಬಾಮ್ ಮತ್ತು ಸಂಗಡಿಗರು 1993ರಲ್ಲಿ ಈ ಓಡಾಟವನ್ನು ಕಣ್ಣಾರೆ ಕಂಡರು. ಹೋಗುವ ವೇಗ ಸೆಕೆಂಡಿಗೆ ಸುಮಾರು 2 ಮೈಕ್ರೊಮೀಟರ್, ಬರುವ ವೇಗ ಅದಕ್ಕಿಂತ ಹೆಚ್ಚು.

ಅವರು ನೋಡಿದ್ದು ಪ್ಯಾರಮೀಸಿಯಂ ಅಲ್ಲ, ಕ್ಲಾಮಿಡೊಮೊನಾಸ್ ಎಂಬ ಏಕಕೋಶ ಪಾಚಿ. ಅದಕ್ಕೆ ಈಜಲು ಚಾಟಿಯಂಥ ಎರಡೇ ಕಶಾಂಗ. ಹೆಸರು ಬೇರೆಯಾದರೂ ಒಳರಚನೆ ಲೋಮಾಂಗದ್ದೇ. ರೋಸೆನ್‌ಬಾಮ್ ಅವರ ತಂಡ 1969ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಪ್ರತಿ ತರಗತಿಯಲ್ಲೂ ಹೇಳಬೇಕೆನ್ನುವುದು ನನ್ನ ಹಟ. ಎರಡರಲ್ಲಿ ಒಂದು ಕಶಾಂಗ ಮಾತ್ರ ಕಳೆದುಹೋದಾಗ ಏನಾಯಿತು ಗೊತ್ತೇ? ಹೊಸದು ಚಿಗುರತೊಡಗಿದಂತೆ, ಹಾನಿಯಿಲ್ಲದೆ ಉಳಿದಿದ್ದ ಇನ್ನೊಂದು ಕುಗ್ಗುತ್ತಾ ಬಂದಿತು. ಎರಡೂ ಸರಿಸಮವಾದ ಮೇಲೆ ಒಟ್ಟಿಗೆ ಬೆಳೆದು ಮೊದಲಿನ ಉದ್ದ ಮುಟ್ಟಿದವು. ಎರಡನ್ನೂ ಕಳೆದು, ಹೊಸ ಪ್ರೋಟೀನ್ ತಯಾರಿಕೆಯನ್ನೂ ತಡೆದಾಗ, ಅವು ಸುಮಾರು ಅರ್ಧ ಉದ್ದಕ್ಕೆ ಬೆಳೆದು ನಿಂತವು. ಕೋಶ ಮೊದಲೇ ಒಂದಿಷ್ಟು ದಾಸ್ತಾನು ಇಟ್ಟುಕೊಂಡಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ! ಟ್ಯೂಬ್ಯುಲಿನ್ ಸೇರಿಕೊಳ್ಳುವುದು ತುದಿಯಲ್ಲೇ ಎಂಬುದನ್ನು ಗುರುತು ಹಚ್ಚಿದ ಟ್ಯೂಬ್ಯುಲಿನ್ ಬಳಸಿ 1992ರಲ್ಲಿ ತೋರಿಸಿಕೊಟ್ಟರು.

ಇನ್ನು, ಪ್ರೋಟೀನ್ ಕೆಟ್ಟರೆ? ಆ ಐಎಫ್‌ಟಿ ಸಾಲಿನ ಪ್ರೋಟೀನ್‌ಗಳಲ್ಲಿ ಒಂದಾದ ಐಎಫ್‌ಟಿ88 ಇಲ್ಲದ ಕ್ಲಾಮಿಡೊಮೊನಾಸ್‌ಗೆ ಕಶಾಂಗವೇ ಮೂಡುವುದಿಲ್ಲ. ಅದೇ ಪ್ರೋಟೀನಿನ ಜೀನ್ ಕೆಟ್ಟ ಇಲಿಗಳಲ್ಲಿ ಮೂತ್ರಪಿಂಡದ ಲೋಮಾಂಗಗಳು ಗಿಡ್ಡವಾಗಿರುತ್ತವೆ ಎಂದು 2000ದಲ್ಲಿ ತಿಳಿದುಬಂದಿತು. ಅವುಗಳ ಮೂತ್ರಪಿಂಡದ ತುಂಬ ನೀರುಗುಳ್ಳೆಗಳು ಏಳುತ್ತವೆ. ಮನುಷ್ಯರಿಗೆ ಬರುವ ಅಂಥದೇ ಮೂತ್ರಪಿಂಡದ ಕಾಯಿಲೆಯಲ್ಲಿ ಲೋಮಾಂಗಗಳ ಪಾತ್ರವನ್ನು ವೈದ್ಯರು ಹುಡುಕತೊಡಗಿದ್ದು ಈ ಪಾಚಿ ತೋರಿಸಿದ ದಾರಿಯಿಂದ.