ನಗರ ವಿನ್ಯಾಸದ ಓದಿಗೆ ಸಮಾಜಶಾಸ್ತ್ರ ಬೇಕೆ?

ಪ್ರಶ್ನೆ: ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಮುಗಿಸಿ ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದೇನೆ. ನಗರ ವಿನ್ಯಾಸದಲ್ಲಿ ಸ್ನಾತಕೋತ್ತರ ಪದವಿ ಪಡೆಯುವ ಆಸೆಯಿದೆ. ಸಮಾಜಶಾಸ್ತ್ರದ ಪಾಠಗಳು ಹೆಚ್ಚಿರುವ ಕೋರ್ಸಿಗೆ ಸೇರಿದರೆ ವಿನ್ಯಾಸದ ಕೈ ಮೊಂಡಾಗುತ್ತದೆ ಎಂದು ಸಹೋದ್ಯೋಗಿಗಳು ಹೆದರಿಸುತ್ತಾರೆ. ನಿಜವೇ? ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿರುವ ನನ್ನ ತಂಗಿಗೂ ಈ ಕ್ಷೇತ್ರದಲ್ಲಿ ಅವಕಾಶವಿದೆಯೇ?
– ಓದುಗರು, ಬೆಂಗಳೂರು

ಉತ್ತರ: ನಿಜವಲ್ಲ. ನಿಮ್ಮ ಊರಿನ ಕೆ.ಆರ್. ಮಾರುಕಟ್ಟೆಯನ್ನೇ ನೋಡಿ. ನಕ್ಷೆಯಲ್ಲಿ ಅದರ ಮುಂದಿನ ಕಾಲುದಾರಿ ಎರಡು ಗೆರೆಗಳ ನಡುವಿನ ಖಾಲಿ ಪಟ್ಟಿ. ಬೆಳಕು ಹರಿಯುವ ಮುನ್ನ ಹೋದರೆ ಅಲ್ಲಿ ಸೇವಂತಿಗೆ, ಕನಕಾಂಬರಗಳ ರಾಶಿ, ಮೂಟೆ ಹೊತ್ತವರ ಓಡಾಟ. ಮಾರುವವರು ಎಷ್ಟು ಹೊತ್ತು ಕೂರುತ್ತಾರೆ, ಖಾಲಿ ಬುಟ್ಟಿಗಳನ್ನು ಎಲ್ಲಿಡುತ್ತಾರೆ, ಹೆಂಗಸರಿಗೆ ಶೌಚಾಲಯ ಎಷ್ಟು ದೂರದಲ್ಲಿದೆ ಎಂಬುದನ್ನು ತಿಳಿಯದೆ ಆ ದಾರಿಯ ಅಗಲವನ್ನು ನಿರ್ಧರಿಸುವವರು ಊಹೆಯ ಮೇಲೆ ಗೆರೆ ಎಳೆಯುತ್ತಾರೆ, ಅಷ್ಟೆ. ಕಾನೂನೂ ಇದನ್ನು ಒಪ್ಪಿದೆ: 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನಗಳು ವ್ಯಾಪಾರಿಗಳ ಪ್ರತಿನಿಧಿಗಳಿಗೇ ಸೇರಬೇಕು.

ಇಂಥ ಓದಿಗೆ ಹೆಸರಾದ ಲಂಡನ್ನಿನ ವಿಭಾಗವೊಂದರ ಹಿಂದೆ ನಮ್ಮ ನಾಡಿನ ನಂಟೂ ಇದೆ. ನಾಜಿ ಜರ್ಮನಿಯನ್ನು ತೊರೆದ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳನ್ನು ವಿನ್ಯಾಸಗೊಳಿಸಿದರು; ಮುಂದೆ ಲಂಡನ್ನಿನಲ್ಲಿ ಅವರು ಮುನ್ನಡೆಸಿದ ಉಷ್ಣವಲಯ ವಾಸ್ತುಶಿಲ್ಪದ ವಿಭಾಗವೇ 1971ರಲ್ಲಿ ಯೂನಿವರ್ಸಿಟಿ ಕಾಲೇಜಿಗೆ ಸೇರಿ ಡೆವಲಪ್‌ಮೆಂಟ್ ಪ್ಲಾನಿಂಗ್ ಯೂನಿಟ್ ಎಂದಾಯಿತು. ಅದೇ ನಗರದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ನಗರ ವಿನ್ಯಾಸವನ್ನು ಸಮಾಜವಿಜ್ಞಾನದೊಡನೆ ಬೆಸೆದು ಕಲಿಸುವ ಒಂದು ವರ್ಷದ ಎಂ.ಎಸ್ಸಿ. ಇದೆ, ಅಲ್ಲಿಯೂ ಸ್ಟುಡಿಯೊವೇ, ಅಂದರೆ ವಿನ್ಯಾಸ ಮಾಡುತ್ತಲೇ ಕಲಿಯುವ ತರಗತಿಯೇ, ಓದಿನ ನಡುಗಂಬ. ಖರ್ಚು ಮಾತ್ರ ಭಾರಿ, ವಿದ್ಯಾರ್ಥಿವೇತನ ಖಚಿತವಾಗದೆ ಸಾಲಕ್ಕೆ ಕೈಹಾಕಬೇಡಿ.

ನಮ್ಮಲ್ಲಿ ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಈ ವಿಷಯಕ್ಕೆ ಹೆಸರಾದವು. ಅರ್ಜಿ ಹಾಕುವ ಮೊದಲು ಹಿಂದಿನ ವರ್ಷಗಳ ಸ್ಟುಡಿಯೊ ಕೆಲಸವನ್ನು ತರಿಸಿಕೊಂಡು ನೋಡಿ: ಬೀದಿಯ ಜನರೊಡನೆ ಆಡಿದ ಮಾತು ಅಂತಿಮ ನಕ್ಷೆಯ ಯಾವುದಾದರೂ ಗೆರೆಯನ್ನು ಬದಲಿಸಿದೆಯೇ? ಸಮೀಕ್ಷೆ ಬರೀ ಮೊದಲ ಎರಡು ಹಾಳೆಗಳ ಅಲಂಕಾರವಾಗಿದ್ದರೆ ಆ ಕೋರ್ಸು ನಿಮಗೆ ಬೇಡ.

ನಿಮ್ಮ ತಂಗಿಗೆ ಎಂ.ಆರ್ಕ್ (ವಾಸ್ತುಶಿಲ್ಪದ ಸ್ನಾತಕೋತ್ತರ ಪದವಿ) ಸಾಧ್ಯವಿಲ್ಲ, ಅದಕ್ಕೆ ಬಿ.ಆರ್ಕ್ ಬೇಕೇ ಬೇಕು. ಆದರೆ ನಗರ ಯೋಜನೆಯ ಸ್ನಾತಕೋತ್ತರ ಪದವಿಗೆ ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಭೂಗೋಳಶಾಸ್ತ್ರಗಳಲ್ಲಿ ಎಂ.ಎ. ಮಾಡಿದವರನ್ನೂ ಹಲವು ಸಂಸ್ಥೆಗಳು ಪರಿಗಣಿಸುತ್ತವೆ. ನೀವು ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆಯ ವಾಸ್ತುಶಿಲ್ಪ ಮತ್ತು ಯೋಜನೆ ಪತ್ರಿಕೆಗೆ ಸಿದ್ಧರಾಗುವುದರ ಜೊತೆಗೆ, ಒಂದೇ ಬೀದಿಯನ್ನು ನಸುಕು, ಮಧ್ಯಾಹ್ನ, ರಾತ್ರಿ ಮೂರು ಹೊತ್ತಿನಲ್ಲಿ ಅಳೆದು ಬರೆದ ನಕ್ಷೆಯೊಂದನ್ನು ಪೋರ್ಟ್‌ಫೋಲಿಯೊದಲ್ಲಿ (ನಿಮ್ಮ ಕೆಲಸಗಳ ಸಂಗ್ರಹ) ಸೇರಿಸಿಕೊಳ್ಳಿ.