ಫೋಟಾನಿಗೆ ಝೆರಾಕ್ಸ್ ಇಲ್ಲ

ಎಂಟ್ಯಾಂಗಲ್ ಆದ (ಎಷ್ಟೇ ದೂರವಿದ್ದರೂ ಅಳತೆಯ ಫಲಿತಾಂಶಗಳಲ್ಲಿ ನಂಟಿರುವ) ಫೋಟಾನ್ ಜೋಡಿಯಲ್ಲಿ, ಅಂದರೆ ಬೆಳಕಿನ ಎರಡು ಕಣಗಳಲ್ಲಿ, ನನ್ನದರ ಧ್ರುವೀಕರಣವನ್ನು (ಕಂಪನದ ದಿಕ್ಕನ್ನು) ನೇರವಾಗಿ (0°/90°) ಅಳೆದರೆ ‘ಹೌದು’, ಓರೆಯಾಗಿ (45°/135°) ಅಳೆದರೆ ‘ಇಲ್ಲ’ ಎಂದು ಮೊದಲೇ ಮಾತಾಡಿಕೊಂಡರೆ ಇನ್ನೊಂದು ಫೋಟಾನ್ ಇಟ್ಟುಕೊಂಡ ದೂರದ ಗೆಳೆಯನಿಗೆ ತಕ್ಷಣ ತಿಳಿಯುವುದಿಲ್ಲವೇ ಎಂದು ಕೇಳಿದ್ದೀರಿ. ತಿಳಿಯುವುದಿಲ್ಲ. ನೀವು ಹೇಗೇ ಅಳೆಯಿರಿ, ಅವರ ಡಿಟೆಕ್ಟರಿನಲ್ಲಿ ಅರ್ಧ 0°, ಅರ್ಧ 90°, ನಾಣ್ಯ ಚಿಮ್ಮಿದ ಹಾಗೆ. ನಂಟು ಕಾಣುವುದು ಇಬ್ಬರ ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ. ಆ ಪಟ್ಟಿ ಫೋನಿನಲ್ಲೋ ಇಮೇಲಿನಲ್ಲೋ ಹೋಗಬೇಕು, ಅಂದರೆ ಬೆಳಕಿನ ವೇಗದ ಮಿತಿಯೊಳಗೇ.

‘ಗೆಳೆಯ ತನ್ನ ಫೋಟಾನನ್ನು ನೂರು ಪ್ರತಿ ಮಾಡಿಕೊಂಡು ಅಳೆದರೆ?’ ಎಂಬ ನಿಮ್ಮ ಎರಡನೇ ಪ್ರಶ್ನೆ ನಿಜಕ್ಕೂ ಜಾಣತನದ್ದು. ಬೆಳಕನ್ನು ಹೆಚ್ಚಿಸುವ ಲೇಸರ್ ಆಂಪ್ಲಿಫೈಯರ್ ಬಳಸಿ ಹೀಗೆ ಮಾಡಬಹುದೆಂದು ಭೌತವಿಜ್ಞಾನಿ ನಿಕ್ ಹರ್ಬರ್ಟ್ 1982ರಲ್ಲಿ ಸೂಚಿಸಿದ್ದರು. ಗೆಳೆಯ ನೇರವಾಗಿ ಅಳೆದಾಗ ನೂರೂ ಒಂದೇ ಕಡೆ ಬಿದ್ದರೆ ‘ಹೌದು’, ಸುಮಾರು ಐವತ್ತು-ಐವತ್ತು ಆದರೆ ‘ಇಲ್ಲ’ ಎಂಬ ಲೆಕ್ಕ. ಅದೇ ವರ್ಷ ವೂಟರ್ಸ್–ಜ್ಯೂರೆಕ್ ಜೋಡಿ ಮತ್ತು ಬೇರೆಯಾಗಿ ಡೀಕ್ಸ್ ತಪ್ಪು ಎಲ್ಲಿದೆ ಎಂದು ತೋರಿಸಿದರು.

0° ಮತ್ತು 90° ಫೋಟಾನುಗಳನ್ನು ಸರಿಯಾಗಿ ಪ್ರತಿ ಮಾಡುವ ಯಂತ್ರ ಇದೆ ಅಂದುಕೊಳ್ಳಿ. ಅದಕ್ಕೆ 45° ಫೋಟಾನ್ ಕೊಟ್ಟರೆ ನೂರು 45° ಫೋಟಾನುಗಳು ಬರುವುದಿಲ್ಲ. ‘ನೂರೂ 0°’ ಮತ್ತು ‘ನೂರೂ 90°’ ಎಂಬೆರಡರ ಸೂಪರ್‌ಪೊಸಿಷನ್ (ಎರಡೂ ಸಾಧ್ಯತೆಗಳು ಒಟ್ಟಿಗೇ ಬೆರೆತ ಸ್ಥಿತಿ) ಬರುತ್ತದೆ. ಅಳೆದರೆ ಈ ಸಲವೂ ನೂರೂ ಒಂದೇ ಕಡೆ! ಗೆಳೆಯನಿಗೆ ವ್ಯತ್ಯಾಸವೇ ಕಾಣದು. ನಿಜವಾದ ಆಂಪ್ಲಿಫೈಯರಿನಲ್ಲಂತೂ ತಾನಾಗಿ ಹೊಮ್ಮುವ ಫೋಟಾನುಗಳ ಗದ್ದಲ ಬೇರೆ.

ಒಂದು ಕಣದ ಸ್ಥಿತಿಯನ್ನು ಎಂಟ್ಯಾಂಗಲ್ ಆದ ಜೋಡಿಯ ಮೂಲಕ ದೂರದ ಇನ್ನೊಂದಕ್ಕೆ ಸಾಗಿಸುವ ಟೆಲಿಪೋರ್ಟೇಶನ್ ಹೆಸರು ಕೇಳಿಯೂ ಆಸೆ ಇಟ್ಟುಕೊಳ್ಳಬೇಡಿ. ಒಂದು ಕ್ಯೂಬಿಟ್‌ಗೆ (ಕ್ವಾಂಟಮ್ ಮಾಹಿತಿಯ ಒಂದು ಘಟಕಕ್ಕೆ) 2 ಸಾಮಾನ್ಯ ಬಿಟ್‌ಗಳನ್ನು ಮಾಮೂಲಿ ದಾರಿಯಲ್ಲೇ ಕಳಿಸಬೇಕು. ಅವು ಬರುವತನಕ ಅತ್ತ ಕಡೆ ಇರುವುದು ಬರೀ ಗೊಂದಲ.