ಕೋಪ ನುಂಗಿಕೊಂಡರೆ ಒಳ್ಳೆಯವನಾದಂತೆಯೇ?

ಪ್ರಶ್ನೆ: ನನಗೆ 41 ವರ್ಷ. ಮೊದಲಿಂದಲೂ ಮುಂಗೋಪಿ. ಒಳ್ಳೆಯ ಗುಣ ಅಭ್ಯಾಸದಿಂದ ಬರುತ್ತದೆ ಅಂತ ಪ್ರಾಚೀನ ಗ್ರೀಸಿನ ತತ್ವಜ್ಞಾನಿ ಅರಿಸ್ಟಾಟಲ್ ಹೇಳಿದ್ದನ್ನು ಓದಿದೆ. ಅವತ್ತಿನಿಂದ ಆಫೀಸಿನಲ್ಲಿ ಬಾಸ್ ಎಷ್ಟೇ ಬೈದರೂ ಸುಮ್ನಿರುತ್ತೇನೆ. ಆದರೆ ಒಳಗೆ ಕುದಿಯುತ್ತಿರುತ್ತದೆ. ಸಂಜೆ ಮನೆಗೆ ಬಂದು ಮಗಳ ಮೇಲೆ ರೇಗುತ್ತೇನೆ, ಆಮೇಲೆ ರಾತ್ರಿಯೆಲ್ಲ ಬೇಜಾರು. ನಾನು ಮಾಡುತ್ತಿರುವುದು ನಾಟಕವೇ? ‘ಹುಟ್ಟುಗುಣ ಸುಟ್ಟರೂ ಹೋಗಲ್ಲ’ ಅಂತ ಅಮ್ಮ ಬೇರೆ ಹೇಳುತ್ತಿರುತ್ತಾರೆ.

ಉತ್ತರ: ನಾಟಕ ಅಲ್ಲ. ಆದರೆ ಅರಿಸ್ಟಾಟಲ್ ಹೇಳಿದ ಒಳ್ಳೆಯ ಗುಣವೂ ಅದಲ್ಲ.

ನೀವು ಓದಿದ ಮಾತು ಅವನ ‘ನಿಕೊಮೇಕಿಯನ್ ಎಥಿಕ್ಸ್’ ಕೃತಿಯದು. ಲೈರ್ ಎಂಬ ತಂತಿವಾದ್ಯವನ್ನು ನುಡಿಸಿ ನುಡಿಸಿಯೇ ವಾದಕನಾಗುವುದು, ಹಾಗೆಯೇ ನ್ಯಾಯದ ಕೆಲಸ ಮಾಡಿ ಮಾಡಿಯೇ ನ್ಯಾಯವಂತನಾಗುವುದು ಎನ್ನುತ್ತಾನೆ. ನಿಮ್ಮ ಅನುಮಾನ ಅವನಿಗೂ ಬಂದಿತ್ತು. ಗುಣ ಇನ್ನೂ ಬಂದಿಲ್ಲದವನು ಆ ಗುಣದ ಕೆಲಸ ಮಾಡುವುದಾದರೂ ಹೇಗೆ? ಅವನ ಉತ್ತರ ಸರಳ. ವ್ಯಾಕರಣ ಗೊತ್ತಿಲ್ಲದವನೂ ಬೇರೆಯವರು ಹೇಳಿಕೊಟ್ಟಂತೆ ಒಂದು ವಾಕ್ಯ ಸರಿಯಾಗಿ ಬರೆಯಬಹುದು. ಅಷ್ಟಕ್ಕೇ ಅವನು ವ್ಯಾಕರಣ ಬಲ್ಲವನಲ್ಲ, ಮೋಸಗಾರನೂ ಅಲ್ಲ. ಕಲಿಯುತ್ತಿದ್ದಾನೆ, ಅಷ್ಟೇ. ಗುಣವಂತ ಅನ್ನಿಸಿಕೊಳ್ಳಲು ಮೂರು ವಿಷಯ ಬೇಕು. ಏನು ಮಾಡುತ್ತಿದ್ದೇನೆಂದು ತಿಳಿದಿರಬೇಕು, ಅದು ಒಳ್ಳೆಯದೆಂದೇ ಆರಿಸಿಕೊಂಡಿರಬೇಕು, ಆ ಸ್ವಭಾವ ಗಟ್ಟಿಯಾಗಿ ಬೇರೂರಿರಬೇಕು. ನಿಮಗೆ ಮೊದಲನೆಯದು ಇದೆ. ಎರಡನೆಯದರ ಬಗ್ಗೆ ನನಗೆ ಅನುಮಾನ. ಬಾಸ್ ಎದುರು ಸುಮ್ನಿದ್ದದ್ದು ಅದು ಒಳ್ಳೆಯದು ಅಂತಲೋ, ಕೆಲಸ ಹೋದೀತು ಅಂತಲೋ? ಹೊಟ್ಟೆಪಾಡಿನ ಭಯವನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಅರಿಸ್ಟಾಟಲ್ ಪಾಠ ಹೇಳುತ್ತಿದ್ದದ್ದು ಪುರುಸೊತ್ತಿದ್ದ ಗಂಡಸರಿಗೆ. ಅವರಿಗೆ ಬಾಸ್ ಇರಲಿಲ್ಲ, ಮನೆಯಲ್ಲಿ ಗುಲಾಮರಿದ್ದರು.

ಆದರೂ ಕೋಪದ ಬಗ್ಗೆ ಅವನಷ್ಟು ಸೂಕ್ಷ್ಮವಾಗಿ ಬರೆದವರು ಕಡಿಮೆ. ನಾಲ್ಕನೇ ಭಾಗದಲ್ಲಿ ಕೋಪಿಷ್ಠರನ್ನು ಬೇರೆ ಬೇರೆಯಾಗಿ ವಿಂಗಡಿಸಿದ್ದಾನೆ. ಮುಂಗೋಪಿ ಬೇಗ ಸಿಡಿಯುತ್ತಾನೆ, ಬೇಗ ತಣ್ಣಗಾಗುತ್ತಾನೆ. ಅವನಲ್ಲಿರುವ ಒಳ್ಳೆಯ ಅಂಶ ಅದೇ ಅಂತೆ. ಇನ್ನೊಬ್ಬನಿದ್ದಾನೆ, ಕಹಿ ಮನಸ್ಸಿನವನು. ಕೋಪವನ್ನು ಹೊರಗೆ ಹಾಕುವುದಿಲ್ಲ. ಅದು ಕಾಣದ ಕಾರಣ ಯಾರೂ ಸಮಾಧಾನ ಮಾಡುವುದಿಲ್ಲ. ಒಳಗೊಳಗೇ ಜೀರ್ಣಿಸಿಕೊಳ್ಳಲು ಬಹಳ ಕಾಲ ಬೇಕು. ಇಂಥವರು ತಮಗೂ ತಮ್ಮ ಹತ್ತಿರದವರಿಗೂ ಎಲ್ಲರಿಗಿಂತ ಜಾಸ್ತಿ ಕಷ್ಟ ಕೊಡುತ್ತಾರೆ ಎನ್ನುತ್ತಾನೆ. ನೀವು ಮುಂಗೋಪ ಬಿಡಲು ಹೋಗಿ ಈ ಎರಡನೆಯವರಾಗುತ್ತಿದ್ದೀರಿ. ಅಭ್ಯಾಸ ಆಗುತ್ತಿರುವುದು ನಿಜ, ಆದರೆ ತಾಳ್ಮೆಯದಲ್ಲ.

ಕೋಪವೇ ಬೇಡ ಅಂತ ಅವನು ಎಲ್ಲೂ ಹೇಳಿಲ್ಲ. ಮುಂದೆ ಬಂದ ಸ್ಟೋಯಿಕರು ಎಂಬ ತತ್ವಜ್ಞಾನಿಗಳು ಅದನ್ನು ಬೇರು ಸಮೇತ ಕೀಳಬೇಕೆಂದರು. ಅರಿಸ್ಟಾಟಲ್ ಪ್ರಕಾರ ಕೋಪ ಬರಬೇಕಾದಾಗಲೂ ಬಾರದವನು ಪೆದ್ದ. ಸರಿಯಾದ ಕಾರಣಕ್ಕೆ, ಸರಿಯಾದವರ ಮೇಲೆ, ಸರಿಯಾದ ಹೊತ್ತಿನಲ್ಲಿ, ಎಷ್ಟು ಬೇಕೋ ಅಷ್ಟು ಹೊತ್ತು ಬರಬೇಕು. ನಿಮ್ಮದು ಇದರಲ್ಲಿ ‘ಯಾರ ಮೇಲೆ’ ಎಂಬಲ್ಲೇ ತಪ್ಪಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಅದೇ.

ಹಾಗಾಗಿ ಸುಮ್ನಿರುವ ಅಭ್ಯಾಸ ಬಿಟ್ಟು ಹೇಳುವ ಅಭ್ಯಾಸ ಶುರುಮಾಡಿ. ಬಾಸ್ ಬೈದ ಹೊತ್ತಿನಲ್ಲೇ ಬೇಡ. ಮಧ್ಯಾಹ್ನವೋ ಮರುದಿನವೋ ಹೋಗಿ, ‘ಸರ್, ತಪ್ಪಿದ್ದರೆ ಹೇಳಿ ತಿದ್ದಿಕೊಳ್ಳುತ್ತೇನೆ, ಎಲ್ಲರೆದುರು ಹಾಗೆ ಅನ್ನಬೇಡಿ’ ಎಂಬಂಥ ಒಂದು ಮಾತು ಸಾಕು. ಮೊದಲ ಸಲ ಗಂಟಲು ಒಣಗುತ್ತದೆ. ಯಾವ ಕಡೆ ವಾಲುತ್ತೇವೋ ಅದರ ವಿರುದ್ಧ ದಿಕ್ಕಿಗೆ ನಮ್ಮನ್ನು ನಾವೇ ಎಳೆಯಬೇಕು, ಡೊಂಕು ಮರವನ್ನು ನೆಟ್ಟಗೆ ಮಾಡುವವರ ಹಾಗೆ ಎಂಬುದು ಅವನದೇ ಸಲಹೆ. ಅಭ್ಯಾಸ ಕೂಡಿ ಬರುತ್ತಿದೆಯೋ ಇಲ್ಲವೋ ತಿಳಿಯಲು ಗುರುತೂ ಕೊಟ್ಟಿದ್ದಾನೆ: ಕೆಲಸ ಮುಗಿದ ಮೇಲೆ ಮನಸ್ಸು ಹಗುರಾಯಿತೋ, ಹಿಂಡಿತೋ ನೋಡಿಕೊಳ್ಳಿ.

ಇನ್ನು ನಿಮ್ಮ ತಾಯಿಯವರ ಮಾತು. ಗುಣ ಹುಟ್ಟಿನಿಂದಲೇ ಬರುವುದಿಲ್ಲ ಎಂಬುದರಲ್ಲಿ ಅರಿಸ್ಟಾಟಲ್‌ಗೆ ಅನುಮಾನವಿಲ್ಲ. ಕಲ್ಲನ್ನು ಹತ್ತು ಸಾವಿರ ಸಲ ಮೇಲೆ ಎಸೆದರೂ ಅದು ಮೇಲೇರುವುದನ್ನು ಕಲಿಯದು, ಮನುಷ್ಯ ಕಲಿಯುತ್ತಾನೆ. ಆದರೆ ಚಿಕ್ಕಂದಿನ ಅಭ್ಯಾಸದ್ದೇ ದೊಡ್ಡ ಪಾಲು ಎಂದೂ ಹೇಳಿದ್ದಾನೆ, ಅಲ್ಲಿ ನಿಮ್ಮ ತಾಯಿಯವರ ಕಡೆಗೇ ಸ್ವಲ್ಪ ವಾಲುತ್ತಾನೆ. ವಯಸ್ಸಿಗಿಂತ ಅವನು ಜಾಸ್ತಿ ನೋಡುವುದು ಬೇರೊಂದನ್ನು. ತಪ್ಪು ಮಾಡಿ ಅದೇ ಸರಿ ಅಂದುಕೊಂಡವನನ್ನು ತಿದ್ದಲಾಗದು, ಆಮೇಲೆ ಪಶ್ಚಾತ್ತಾಪಪಡುವವನನ್ನು ತಿದ್ದಬಹುದು ಎನ್ನುತ್ತಾನೆ ಏಳನೇ ಭಾಗದಲ್ಲಿ. ಮಗಳ ಮೇಲೆ ರೇಗಿ ರಾತ್ರಿಯೆಲ್ಲ ಬೇಜಾರಾಗುತ್ತದೆ ಅಂತ ಬರೆದಿದ್ದೀರಿ. ನೀವು ಎರಡನೆಯವರ ಪೈಕಿ.